ಬೈದವರು ಬಂಡಿ ತೊಳೆಯಬೇಕು

ಆ ಡ್ರೈವಿಂಗ್ ಶಾಲೆಯ ಗೋಡೆಯ ಮೇಲೆ ಇದ್ದದ್ದು ಒಂದೇ ಒಂದು ನಿಯಮ. ಗೇರಿನ ಬಗ್ಗೆ ಅಲ್ಲ, ವೇಗದ ಬಗ್ಗೆ ಅಲ್ಲ, ಕನ್ನಡಿ ನೋಡುವ ಬಗ್ಗೆಯೂ ಅಲ್ಲ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಕಣ್ಣಿಗೆ ಹೊಡೆಯುವಂತೆ ನೀಲಿ ಬಣ್ಣದ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಬೈದವರು ಬಂಡಿ ತೊಳೆಯಬೇಕು.

ಬರೆಸಿದವಳು ಶಾಲೆಯ ಒಡತಿ. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತು, ಆ ಬದಿಗೆ ಜೋಡಿಸಿದ್ದ ಎರಡನೇ ಬ್ರೇಕಿನ ಮೇಲೆ ಪಾದ ಊರಿದಳೆಂದರೆ ಮುಗಿಯಿತು, ಎದುರಿಗೆ ಆನೆ ಬಂದರೂ ಬಂಡಿ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಅವಳಿಗೆ ಬ್ರೇಕಮ್ಮ ಎಂಬ ಹೆಸರು ಬಿದ್ದದ್ದು. ಎದುರಿಗೆ ಮೇಡಮ್ ಎನ್ನುವವರೂ ಬೆನ್ನ ಹಿಂದೆ ಬ್ರೇಕಮ್ಮ ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಬೈಗುಳದ ಬಗ್ಗೆ ಬ್ರೇಕಮ್ಮನಿಗೆ ಒಂದು ಸಿದ್ಧಾಂತವಿತ್ತು. ಹೊಸಬರು ಬಂದಾಗ ಮೊದಲ ಪಾಠವೇ ಅದು.

"ಬೈಗುಳ ಅಂದ್ರೆ ಏನು ಗೊತ್ತಾ? ತಲೇಲಿ ಪೆಟ್ರೋಲ್ ಖಾಲಿ ಆದಾಗ ಬರೋ ಸದ್ದು. ಬುದ್ಧಿ ಇದ್ದೋನು ಕಾಲಲ್ಲಿ ಬ್ರೇಕ್ ಹಾಕ್ತಾನೆ. ಇಲ್ಲದೋನು ಬಾಯಲ್ಲಿ ಹಾಕ್ತಾನೆ."

ಈ ಸಿದ್ಧಾಂತದಲ್ಲಿ ತೂತುಗಳಿವೆ ಎಂದು ಹೇಳುವ ಎದೆಗಾರಿಕೆ ಆ ಊರಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಅವಳು ಮುಂದೆ ಅದೇ ಮನೆಯ ಸೊಸೆಯಾದದ್ದು ವಿಧಿಯ ತಮಾಷೆ ಎನ್ನಿ, ಇನ್ನೇನಾದರೂ ಎನ್ನಿ.

ಅವಳು ಮೊದಲು ಬಂದದ್ದು ಬಂಡಿ ಕಲಿಯಲು. ಮೊದಲ ದಿನವೇ ಒಬ್ಬ ಆಟೋದವನು ಅಡ್ಡ ಬಂದ. ಹುಡುಗಿ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, "ಕಣ್ಣನ್ನ ಕಿಸೇಲಿ ಇಟ್ಕೊಂಡು ಓಡಿಸ್ತೀಯೇನೋ ಮುಠ್ಠಾಳ, ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ, ನಿನಗೆ ಗಾಡಿ ಕೊಟ್ಟೋನಿಗೂ ಸೇರಿಸಿ ಹಾಕ!" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಟೋದವನು ಬೈಸಿಕೊಂಡ ಬೇಜಾರನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡಿದ. ಅಂಗಳಕ್ಕೆ ವಾಪಸು ಬಂದ ಮೇಲೆ ಬ್ರೇಕಮ್ಮ ಬಕೆಟ್ಟಿನಿಂದ ಸ್ಪಂಜು ತೆಗೆದು ಹುಡುಗಿಯ ಕೈಗಿಟ್ಟು, ಗೋಡೆಯ ಕಡೆ ಬೆರಳು ತೋರಿಸಿದಳು.

ಆ ವರ್ಷ ಶಾಲೆಯ ಬಂಡಿಯಷ್ಟು ಫಳಫಳ ಹೊಳೆಯುವ ಬಂಡಿ ಊರಲ್ಲಿ ಇನ್ನೊಂದಿರಲಿಲ್ಲ. ಹುಡುಗಿ ತೊಳೆಯುವುದು, ಬ್ರೇಕಮ್ಮನ ಚಿಕ್ಕ ಮಗ ನಲ್ಲಿಯಿಂದ ನೀರು ತಂದು ಸುರಿಯುವುದು. ಅವನು ಮೆಕ್ಯಾನಿಕ್ಕು, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ದಿನಕ್ಕೊಂದು ಹೊಸ ಬೈಗುಳ ಕಟ್ಟುವ ಬಾಯನ್ನು ಕಂಡು ಮಾತಿಲ್ಲದವನು ಮರುಳಾದ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದುವೆಗೆ ಬ್ರೇಕಮ್ಮ ಅಡ್ಡ ಬರಲಿಲ್ಲ. ಹುಡುಗಿಯ ಮುಖವನ್ನು ಒಮ್ಮೆ ನೋಡಿ, "ಬಾಯಿ ಇಷ್ಟು ತುಂಬಿದೆ ಅಂದ್ರೆ ತಲೆ ಎಷ್ಟು ಖಾಲಿ ಇರಬೇಕು," ಎಂದಳು ಅಷ್ಟೆ. ಸೊಸೆಗೆ ಹಾರ್ನು ಎಂಬ ಅಡ್ಡಹೆಸರು ಕೊಟ್ಟವಳೂ ಅವಳೇ. ಶಾಲೆಯಲ್ಲಿ ಕೆಲಸ ಕೊಟ್ಟಳು, ಆದರೆ ಅಂಗಳದೊಳಗೆ ರಿವರ್ಸ್ ಕಲಿಸುವ ಕೆಲಸ ಮಾತ್ರ. ರಸ್ತೆಯ ಪಾಠಕ್ಕೆ ಪಕ್ಕದ ಸೀಟಿನಲ್ಲಿ ಕೂರುವ ಯೋಗ ಸೊಸೆಗೆ ಬರಲೇ ಇಲ್ಲ.

"ಎರಡನೇ ಬ್ರೇಕು ಬುದ್ಧಿ ಇರೋರ ಕಾಲಡಿ ಇರಬೇಕು ಕಣಮ್ಮ," ಎನ್ನುತ್ತಿದ್ದಳು ಅತ್ತೆ.

ಈ ಮಾತು ಸೊಸೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಬೈಯುವುದಕ್ಕೂ ತಲೆ ಬೇಕು ಎಂದು ಅವಳು ವಾದಿಸಿ ನೋಡಿದ್ದಳು. "ಅತ್ತೆ, ಒಂದೇ ಬೈಗುಳಾನ ನಾನು ಎರಡನೇ ಸಲ ಬಳಸಲ್ಲ. ಅಷ್ಟು ಹೊಸದು ಕಟ್ಟೋಕೆ ಖಾಲಿ ತಲೆಗೆ ಆಗುತ್ತಾ?" ಅತ್ತೆ ಕನ್ನಡಕ ಒರೆಸಿಕೊಂಡು, "ಹೊಸ ಹೊಸ ಸದ್ದು ಮಾಡುತ್ತೆ ಅಂತ ಹಾರ್ನನ್ನ ಯಾರೂ ಇಂಜಿನ್ ಅನ್ನಲ್ಲ," ಎಂದಿದ್ದಳು. ಸೊಸೆಗೆ ಹೊಳೆದದ್ದು ಒಂದು ಬೈಗುಳ, ಅದನ್ನು ನುಂಗಿಕೊಂಡಳು.

ಆ ಮನೆಯಲ್ಲಿ ಬ್ರೇಕಮ್ಮನನ್ನು ಬಿಟ್ಟರೆ ಒಮ್ಮೆಯೂ ಬಂಡಿ ತೊಳೆಯದವನು ಒಬ್ಬನೇ. ದೊಡ್ಡ ಮಗ, ಸೊಸೆಗೆ ಭಾವ. ಬೇರೆ ಊರಿನಲ್ಲಿ ಬ್ಯಾಂಕಿನ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಚಿಕ್ಕಂದಿನಿಂದ ಅವನ ಬಾಯಿಂದ ಒಂದು ಥೂ ಎಂಬ ಸದ್ದೂ ಬಂದಿರಲಿಲ್ಲ. ಬ್ರೇಕಮ್ಮ ಊರಿಗೆಲ್ಲ ಅವನನ್ನೇ ಮಾದರಿಯೆಂದು ತೋರಿಸುತ್ತಿದ್ದಳು. ಅವನೂ ತಾಯಿಯನ್ನು ಕಂಡರೆ ಜೀವ ಬಿಡುವವನೇ, ಅದರಲ್ಲಿ ಎರಡು ಮಾತಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ನಾಲ್ಕು ರಸ್ತೆ ಕೂಡುವಲ್ಲಿ, ಪಾಠದ ನಡುವೆಯೇ ಬ್ರೇಕಮ್ಮನ ಬಾಯಿ ಒಂದು ಕಡೆ ವಾಲಿತು. ಆವತ್ತು ಕಲಿಯಲು ಬಂದಿದ್ದ ಹೊಲಿಗೆಯವಳು ಆಮೇಲೆ ಎಲ್ಲರಿಗೂ ಹೇಳಿದಳು: "ಮೇಡಮ್ ಮೊದ್ಲು ಬ್ರೇಕ್ ಒತ್ತಿ ಬಂಡಿ ನಿಲ್ಲಿಸಿದ್ರು. ಹ್ಯಾಂಡ್ ಬ್ರೇಕೂ ಎಳೆದ್ರು. ಆಮೇಲೇ ಬಿದ್ದಿದ್ದು."

ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸೋತಿದ್ದವು, ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ ಇಬ್ಬರು ಗಂಡುಮಕ್ಕಳೂ ಸೊಸೆಯೂ ಮಂಚದ ಸುತ್ತ ನಿಂತಿದ್ದರು. ಕೊನೆಗೊಂದು ದಿನ ಬ್ರೇಕಮ್ಮ ತುಟಿ ಅಲುಗಿಸಿದಳು. ದೊಡ್ಡ ಮಗ ಬಾಗಿ ಕಿವಿ ಹತ್ತಿರ ತಂದ. ತಾಯಿ ಸ್ಪಷ್ಟವಾಗಿ, ಗಟ್ಟಿಯಾಗಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ಬೇವರ್ಸಿ!"

ದೊಡ್ಡವನು ಕೆನ್ನೆಗೆ ಏಟು ಬಿದ್ದವನ ಹಾಗೆ ಹಿಂದೆ ಸರಿದ. ಬ್ರೇಕಮ್ಮನಿಗೂ ತನ್ನ ಬಾಯಿಂದ ಬಂದದ್ದು ಏನೆಂದು ಕೇಳಿಸಿತು. ಕಣ್ಣು ಅಗಲವಾದವು. ಸರಿಮಾಡಿಕೊಳ್ಳಲು ಮತ್ತೆ ಬಾಯಿ ತೆರೆದಳು. ಮತ್ತೆ ಅದೇ ಬಂತು. ನೀರು ಬೇಕಾದರೂ ಅದೇ, ನೋವಾದರೂ ಅದೇ, ಮಗನನ್ನು ಕರೆಯಲೂ ಅದೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ವೈದ್ಯೆ ಸಮಾಧಾನದಿಂದ ತಿಳಿಸಿ ಹೇಳಿದಳು. "ಹೀಗೆ ಆಗೋದುಂಟು. ನಾವು ಯೋಚನೆ ಮಾಡಿ ಆಡೋ ಮಾತು ತಲೇಲಿ ಒಂದು ಕಡೆ ಇರುತ್ತೆ. ಬೈಗುಳ, ಎಣಿಕೆ, ತಾನಾಗೇ ಬಾಯಿಗೆ ಬರೋ ಮಾತೆಲ್ಲ ಇನ್ನೊಂದು ಕಡೆ ಉಳ್ಕೊಂಡಿರುತ್ತೆ. ಆ ಕಡೆ ಏಟು ಬಿದ್ದಿಲ್ಲ. ಒಳಗೆ ತಿಳುವಳಿಕೆ ಎಷ್ಟು ಉಳಿದಿದೆ ಅನ್ನೋದನ್ನ ಮುಂದೆ ನೋಡೋಣ."

"ಆದ್ರೆ ನಮ್ಮಮ್ಮ ಜನ್ಮದಲ್ಲಿ ಬೈದೋಳಲ್ಲ," ಎಂದ ದೊಡ್ಡವನು.

"ಬೈದಿಲ್ಲ ಅಂದ್ರೆ ಕೇಳಿಲ್ಲ ಅಂತಲ್ಲ. ಜನ್ಮವೆಲ್ಲ ರಸ್ತೇಲಿ ಕಳೆದೋರು."

ಸೊಸೆಗೆ ಅಂಥ ದುಃಖದಲ್ಲೂ ಒಳಗೆಲ್ಲೋ ನಗು ಉಕ್ಕಿತು. ಮರುಕ್ಷಣವೇ ಅತ್ತೆಯ ಮುಖ ನೋಡಿದಳು. ಆ ಕಣ್ಣುಗಳಲ್ಲಿ ಇದ್ದ ನಾಚಿಕೆಯನ್ನು ಕಂಡು ನಗು ಗಂಟಲಲ್ಲೇ ಸತ್ತಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಂಥ ಕಾಲವನ್ನು ಸೊಸೆ ಬೇಡಿರಲಿಲ್ಲ.

ಮನೆಗೆ ಬಂದ ಮೇಲೆ ಬ್ರೇಕಮ್ಮ ಊರುಗೋಲು ಹಿಡಿದು ಮೆಲ್ಲಗೆ ನಡೆಯತೊಡಗಿದಳು. ಮಾತು ಮಾತ್ರ ಆ ಒಂದೇ ಪದ. ಕೆಲವು ದಿನ ಹೋಗುವುದರಲ್ಲಿ ಸೊಸೆಗೆ ಆ ಪದದೊಳಗಿನ ಪದಗಳು ಕೇಳಿಸತೊಡಗಿದವು. ಚಹಾ ಬಿಸಿಯಿದ್ದರೆ ಅತ್ತೆ ಮೊದಲಕ್ಷರ ಎಳೆಯುತ್ತಾಳೆ. ಆರಿಹೋಗಿದ್ದರೆ ಕೊನೆಯಕ್ಷರವನ್ನು ಕತ್ತರಿಸಿ ಎಸೆಯುತ್ತಾಳೆ. ಕಿಟಕಿ ಮುಚ್ಚು ಎನ್ನಲು ತಗ್ಗಿದ ದನಿ, ಚಿಕ್ಕ ಮಗ ಊಟ ಮಾಡಿದನಾ ಎನ್ನಲು ಮೇಲಕ್ಕೆ ಹೋಗುವ ದನಿ. ಬೈಗುಳದಲ್ಲಿ ಪಳಗಿದ ಕಿವಿ, ಹಿಡಿಯಲು ಹೊತ್ತಾಗಲಿಲ್ಲ.

ಆದರೆ ಒಂದು ವಿಷಯ ಸೊಸೆಗೂ ಅರ್ಥವಾಗಲಿಲ್ಲ. ಯಾರೂ ನೋಡದಿದ್ದಾಗ ಅತ್ತೆ ಊರುಗೋಲು ಕುಟ್ಟುತ್ತ ಅಂಗಳಕ್ಕೆ ಹೋಗಿ, ನಲ್ಲಿಯ ಹತ್ತಿರ ಬಗ್ಗಿ, ಬಕೆಟ್ಟಿಗೆ ಕೈ ಹಾಕುತ್ತಿದ್ದಳು. ಸೀರೆಯೆಲ್ಲ ಒದ್ದೆ. ಒಮ್ಮೆ ಜಾರಿ ಬಿದ್ದೇಬಿಡುತ್ತಿದ್ದಳು, ಚಿಕ್ಕ ಮಗ ಓಡಿಬಂದು ಹಿಡಿದ. ಒಳಗೆ ಕರೆತಂದರೆ "ಬೇವರ್ಸಿ, ಬೇವರ್ಸಿ" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದಳು. ಕೂಗಿದಷ್ಟೂ ಮತ್ತೆ ನಲ್ಲಿಯ ಕಡೆಗೇ ಎಳೆದಾಟ.

"ಅರಳುಮರಳು," ಎಂದ ಊರಿಂದ ಬಂದಿದ್ದ ದೊಡ್ಡ ಮಗ. "ಮಗು ನೀರಲ್ಲಿ ಆಡೋ ಹಾಗೆ ಆಡ್ತಾಳೆ. ತಲೆ ಪೂರಾ ಹೋಗಿದೆ."

ಬಿದ್ದು ಸೊಂಟ ಮುರಿದುಕೊಂಡಾಳು ಎಂದು ಎಲ್ಲರೂ ಸೇರಿ ಬಕೆಟ್ಟನ್ನೂ ಸ್ಪಂಜುಗಳನ್ನೂ ಅಟ್ಟದ ಮೇಲೆ ಹಾಕುವುದೆಂದು ತೀರ್ಮಾನಿಸಿದರು. ಹಾಕಿದವಳು ಸೊಸೆಯೇ. ಅವತ್ತು ಅತ್ತೆ ಅವಳನ್ನು ನೋಡಿದ ನೋಟವಿತ್ತಲ್ಲ, ಅದಕ್ಕೆ ಯಾವ ಬೈಗುಳವೂ ಸಾಟಿಯಲ್ಲ.

ಅಷ್ಟರಲ್ಲಿ ಶಾಲೆಗೆ ಜನ ಬರುವುದು ನಿಂತಿತು. ಬೇಲಿಯಾಚೆ ಬೀದಿಯ ಮಕ್ಕಳು ಕೂತು, ಅಜ್ಜಿ ಯಾವಾಗ ಬಾಯಿ ಬಿಡುತ್ತಾಳೋ ಎಂದು ಕಾಯತೊಡಗಿದರು. ಅವರ ನಗು ದೊಡ್ಡವನಿಗೆ ಕಾದ ಸೀಸ ಕಿವಿಗೆ ಸುರಿದಂತಾಗುತ್ತಿತ್ತು.

"ಶಾಲೆ ಮುಚ್ಚಿಬಿಡೋಣ," ಎಂದು ತಮ್ಮನಿಗೂ ಅವನ ಹೆಂಡತಿಗೂ ಹೇಳಿದ. "ನಾನಿರೋ ಊರಲ್ಲಿ ಇಂಥೋರನ್ನ ನೋಡ್ಕೊಳ್ಳೋ ಒಂದು ಮನೆ ಇದೆ. ಅಲ್ಲಿ ಯಾರೂ ನಗಲ್ಲ. ಇಂಥ ಬುದ್ಧಿವಂತೆ, ಊರಿಗೆ ಊರೇ ನಗೋ ಹಾಗಾಯ್ತಲ್ಲ. ನನ್ನ ಕೈಲಿ ನೋಡೋಕಾಗಲ್ಲ."

"ಭಾವ, ಅತ್ತೆಗೆ ಎಲ್ಲಾ ತಿಳಿಯುತ್ತೆ," ಎಂದಳು ಸೊಸೆ. "ಅವರಿಗಿರೋದು ಒಂದೇ ಪದ, ಆದ್ರೆ ಅದರಲ್ಲೇ ಎಲ್ಲಾ ಹೇಳ್ತಾರೆ."

"ನಿನಗೆ ಹಾಗನ್ಸೋದು ಸಹಜ ಬಿಡಮ್ಮ. ಅದು ನಿನ್ನ ಭಾಷೆ."

ಮೆತ್ತಗೆ ಹೇಳಿದ ಮಾತು, ಚುಚ್ಚಬೇಕೆಂದು ಹೇಳಿದ್ದೂ ಅಲ್ಲ. ಹಾಗಿದ್ದೂ ಆಳವಾಗಿ ಇಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ವಾದ ಎರಡು ದಿನ ನಡೆಯಿತು. ಕೊನೆಗೆ ಯಾವಾಗಲೂ ಸುಮ್ಮನಿರುವ ಚಿಕ್ಕ ಮಗ ಬಾಯಿಬಿಟ್ಟ: "ಡಾಕ್ಟ್ರು ಮನೆಗೆ ಬಂದು ನೋಡ್ಲಿ. ಅವರು ಹೇಳಿದ ಹಾಗೆ ಮಾಡೋಣ." ಎಲ್ಲರೂ ಒಪ್ಪಿದರು. ಅಮ್ಮನಿಗೆ ತಿಳುವಳಿಕೆಯಿದೆ ಎಂದು ವೈದ್ಯೆ ಹೇಳಿದರೆ ಅಮ್ಮ ಇಲ್ಲೇ, ಶಾಲೆಯೂ ಅವಳದೇ. ಇಲ್ಲ ಎಂದರೆ ಬೀಗ.

ಭಾನುವಾರ ಬೆಳಿಗ್ಗೆ ವೈದ್ಯೆ ಬಂದಳು. ಅಂಗಳದ ಮಾಡಿನ ಕೆಳಗೆ ಕುರ್ಚಿಗಳನ್ನು ಹಾಕಿದ್ದರು. ಎದುರಿಗೆ ಶಾಲೆಯ ಬಂಡಿ ವಾರಗಟ್ಟಲೆಯ ಧೂಳು ಹೊದ್ದು ನಿಂತಿತ್ತು. ಸೊಸೆ ಅತ್ತೆಯ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಡಿಸಿದ್ದಳು. ತಾನೂ ಆವತ್ತು ಬೆಳಗಿನಿಂದ ಒಂದೂ ಕೆಟ್ಟ ಮಾತಾಡಿರಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹರಿದಾಗಲೂ ಹಲ್ಲು ಕಚ್ಚಿಕೊಂಡಿದ್ದಳು. ತನ್ನ ಬಾಯಿಂದಾಗಿ ಅತ್ತೆಯ ಮೊಕದ್ದಮೆ ಕೆಡಬಾರದು ಎಂಬುದು ಅವಳ ಹಟ.

ವೈದ್ಯೆ ಪೆನ್ನು ಎತ್ತಿ ತೋರಿಸಿದಳು. "ಅಮ್ಮ, ಇದೇನು?"

"ಬೇವರ್ಸಿ."

"ಕಿಟಕಿ ಎಲ್ಲಿದೆ? ಕೈಲಿ ತೋರಿಸಿ ಸಾಕು."

ಬ್ರೇಕಮ್ಮ ತೋರಿಸಲಿಲ್ಲ. ಕ್ಲಚ್ ಎಲ್ಲಿದೆ ಎಂದು ಕೇಳಿದ ಹೊಸಬನನ್ನು ನೋಡುವಂತೆ ವೈದ್ಯೆಯನ್ನು ನೋಡಿದಳು. ಮೂಗು ಮುಟ್ಟಿಕೊಳ್ಳಿ ಎಂದರೆ ಮುಟ್ಟಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಎಂದರೆ ಇನ್ನಷ್ಟು ದೊಡ್ಡದಾಗಿ ತೆರೆದಳು. ಊರಿಗೇ ಪರೀಕ್ಷೆ ಮಾಡಿದವಳಿಗೆ ಮೂಗು ಎಲ್ಲಿದೆ ಎಂಬ ಪರೀಕ್ಷೆ! ಆ ಅವಮಾನ ಸೊಸೆಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ವೈದ್ಯೆಗೆ ಕಾಣಬೇಕಲ್ಲ.

"ಡಾಕ್ಟ್ರೇ, ಅವರಿಗೆ ಕೋಪ ಬಂದಿದೆ. ತಿಳಿಯದೆ ಅಲ್ಲ," ಎಂದಳು.

"ಇರಬಹುದಮ್ಮ. ಆದ್ರೆ ನನಗೆ ಏನಾದ್ರೂ ಒಂದು ಗುರುತು ಬೇಕು."

ದೊಡ್ಡವನು ಎದ್ದು ಅತ್ತಿಂದಿತ್ತ ಓಡಾಡತೊಡಗಿದ. ಅವನಿಗೆ ಗೆಲುವಿನ ಸಂತೋಷವೇನೂ ಇರಲಿಲ್ಲ, ಕಣ್ಣು ಕೆಂಪಾಗಿದ್ದವು. ತಾಯಿಯ ಮುಂದೆ ಮಂಡಿಯೂರಿ ಕೂತ. "ಅಮ್ಮ, ಕಿಟಕಿ ತೋರಿಸಮ್ಮ. ಒಂದೇ ಒಂದು ಸಲ. ನಾನು ಸೋತೆ ಅಂತ ಒಪ್ಕೊಂಡು ಹೋಗ್ತೀನಿ. ತೋರಿಸಮ್ಮ."

ಬ್ರೇಕಮ್ಮ ಅವನ ತಲೆಗೂದಲು ಸವರಿ, "ಬೇವರ್ಸಿ," ಎಂದಳು. ಬೇಲಿಯಾಚೆ ಮಕ್ಕಳು ಕಿಸಕ್ಕನೆ ನಕ್ಕರು.

ದೊಡ್ಡವನೊಳಗೆ ಏನೋ ಕಡಿದುಹೋಯಿತು. ತಟ್ಟನೆ ಎದ್ದು ನಿಂತ. ಜೀವನವಿಡೀ ಮಡಿಸಿ ಇಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಯಾವ ಹಲ್ಕಾ ಕಾಯಿಲೆ ಇದು! ಈ ದರಿದ್ರ ಮುಂಡೇದು ನಮ್ಮಮ್ಮನಿಗೇ ಬರಬೇಕಿತ್ತಾ? ಇದರ ವಂಶ ಹಾಳಾಗ, ಇದಕ್ಕೆ ನಾಯಿ ಹತ್ತ, ಬೋಳಿಮಗಂದು ಬೇವರ್ಸಿ ಕಾಯಿಲೆ!"

ಬೇಲಿಯಾಚೆಯ ನಗು ನಿಂತಿತು. ಸೊಸೆ ಬಾಯಿ ತೆರೆದುಕೊಂಡು ಭಾವನನ್ನು ನೋಡಿದಳು. ಇಂಥ ಕಸುಬುದಾರಿಕೆ ಈ ಇಸ್ತ್ರಿ ಅಂಗಿಯೊಳಗೆ ಎಲ್ಲಿತ್ತು ಎಂಬ ಬೆರಗು ಅವಳಿಗೆ.

ಆಗ ಊರುಗೋಲಿನ ಸದ್ದು ಕೇಳಿತು. ಬ್ರೇಕಮ್ಮ ಎದ್ದಿದ್ದಳು. ಎದ್ದವಳು ಯಾರನ್ನೂ ನೋಡದೆ ಒಂದೊಂದೇ ಹೆಜ್ಜೆಯಿಟ್ಟು ಒಳಗೆ ಹೋಗಿ ಅಟ್ಟದ ಕೆಳಗೆ ನಿಂತಳು. ಊರುಗೋಲು ಮೇಲಕ್ಕೆತ್ತಿ ಅಟ್ಟಕ್ಕೆ ಕುಟ್ಟಿದಳು. ಸೊಸೆಯ ಕಡೆ ತಿರುಗಿದಳು.

"ಬೇವರ್ಸಿ!"

ಹಿಂದೆಲ್ಲ ಪಾಠದ ಹೊತ್ತಿಗೆ "ಏನ್ ನೋಡ್ತಿದ್ದೀಯ, ಬೇಗ" ಎನ್ನುತ್ತಿದ್ದ ಅದೇ ದನಿ. ಸೊಸೆ ಸ್ಟೂಲು ಎಳೆದು ಹತ್ತಿದಳು. ಬಕೆಟ್ಟು ಇಳಿಸಿದಳು, ಅದರೊಳಗೆ ಒಣಗಿ ಗಟ್ಟಿಯಾಗಿದ್ದ ಸ್ಪಂಜುಗಳು. ಬ್ರೇಕಮ್ಮ ಎಡಗೈಯಿಂದ ಒಂದು ಸ್ಪಂಜು ತೆಗೆದು, ಊರುಗೋಲನ್ನೂ ಅದೇ ಕೈಯಲ್ಲಿ ಒತ್ತಿ ಹಿಡಿದು, ಅಂಗಳಕ್ಕೆ ವಾಪಸು ಬಂದಳು, ಹಿಂದೆಯೇ ಬಕೆಟ್ಟು ಹಿಡಿದ ಸೊಸೆ. ಅತ್ತೆ ದೊಡ್ಡ ಮಗನ ಮುಂದೆ ನಿಂತಳು. ಸ್ಪಂಜನ್ನು ಅವನ ಕೈಗಿಟ್ಟಳು. ಆಮೇಲೆ ಊರುಗೋಲೆತ್ತಿ ಗೋಡೆಯ ನೀಲಿ ಅಕ್ಷರಗಳನ್ನು ತೋರಿಸಿದಳು.

ದೊಡ್ಡವನು ಗೋಡೆ ನೋಡಿದ, ಸ್ಪಂಜು ನೋಡಿದ, ತಾಯಿಯನ್ನು ನೋಡಿದ.

"ಏನಿದು?" ಎಂದಳು ವೈದ್ಯೆ, ಕುರ್ಚಿಯ ತುದಿಗೆ ಬಂದು.

"ಶಿಕ್ಷೆ ಡಾಕ್ಟ್ರೇ," ಎಂದಳು ಸೊಸೆ. ಅವಳ ದನಿ ಏರುತ್ತ ಹೋಯಿತು. "ನಮ್ಮ ಶಾಲೆ ನಿಯಮ. ಬೈದವರು ಬಂಡಿ ತೊಳೆಯಬೇಕು. ಭಾವ ಬೈದ್ರಲ್ಲ. ಅವರ ಜನ್ಮದಲ್ಲಿ ಇದೇ ಮೊದಲು. ಅತ್ತೆ ಬಿಡ್ತಾರಾ?"

ಅವಳು ಮಾತು ಮುಗಿಸುವಷ್ಟರಲ್ಲಿ ಬ್ರೇಕಮ್ಮ ಬಕೆಟ್ಟಿನತ್ತ ಬಗ್ಗಿ ಇನ್ನೊಂದು ಸ್ಪಂಜು ತೆಗೆದಿದ್ದಳು. ಅದನ್ನು ಯಾರಿಗೂ ಕೊಡಲಿಲ್ಲ. ತಾನೇ ಹಿಡಿದುಕೊಂಡು ನಲ್ಲಿಯ ಕಡೆ ಹೊರಟಳು. ಈ ಬಾರಿ ಅವಳನ್ನು ತಡೆಯಲು ಯಾರೂ ಹೋಗಲಿಲ್ಲ. ನಲ್ಲಿ ತಿರುಗಿಸಿ, ಸ್ಪಂಜು ನೆನೆಸಿ, ಬಂಡಿಯ ಮುಂಬಾಗಿಲಿಗೆ ಒರಗಿ ನಿಂತು, ಎಡಗೈಯಲ್ಲಿ ಧೂಳು ಒರೆಸತೊಡಗಿದಳು.

ಸೊಸೆಗೆ ಆಗ ಹೊಳೆಯಿತು. ಹೊಳೆದ ರಭಸಕ್ಕೆ ಅವಳು ಮಾಡಿನ ಕಂಬ ಹಿಡಿದುಕೊಂಡಳು.

"ಅಯ್ಯೋ ಡಾಕ್ಟ್ರೇ! ಅವರು ನೀರಲ್ಲಿ ಆಡ್ತಿರಲಿಲ್ಲ. ಇಷ್ಟು ದಿನ ನಲ್ಲಿ ಹತ್ರ ಹೋಗ್ತಿದ್ದದ್ದು ಬಂಡಿ ತೊಳೆಯೋಕೆ. ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಶಿಕ್ಷೆ ಅನುಭವಿಸೋಕೆ ಹೋಗ್ತಿದ್ರು. ನಾವು ಹಿಡ್ಕೊಂಡು ಎಳ್ಕೊಂಡು ಬರ್ತಿದ್ವಿ. ಎಳೆದಾಗ ಮತ್ತೆ ಬೈಗುಳ ಬರೋದು, ಮತ್ತೆ ಹೋಗೋರು. ನಾನು... ನಾನು ಬಕೆಟ್ಟನ್ನೇ ಅಟ್ಟದ ಮೇಲೆ ಹಾಕಿಬಿಟ್ಟೆ. ಎಂಥ ಕತ್ತೆ ಮುಂಡೇದು ನಾನು!"

ಬಂಡಿಯ ಕಡೆಯಿಂದ ಸ್ಪಂಜೊಂದು ಹಾರಿಬಂದು ಸೊಸೆಯ ಎದೆಗೆ ತಪ್ಪೆಂದು ಬಡಿಯಿತು. ಎಸೆದವಳು ಅತ್ತೆ. ಬೈದವರು ಅಂದ ಮೇಲೆ ಬೈದವರೇ, ತನ್ನನ್ನು ತಾನೇ ಬೈದುಕೊಂಡರೂ ವಿನಾಯಿತಿ ಇಲ್ಲ.

ವೈದ್ಯೆ ಜೋರಾಗಿ ನಕ್ಕುಬಿಟ್ಟಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಗುರುತು ಬೇಕು ಅಂದೆನಲ್ಲ, ಸಿಕ್ತು. ಕೇಳಿದ್ದು ತಿಳೀತು, ನಿಯಮ ನೆನಪಿದೆ, ತಪ್ಪು ಯಾರದ್ದು ಅಂತ ಗೊತ್ತು, ತಮ್ಮನ್ನೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಬುದ್ಧಿಯನ್ನ ನಾನಂತೂ ನೋಡಿಲ್ಲ. ಬೀಗ ಕೆಟ್ಟಿದೆ ಅಷ್ಟೆ, ಮನೆಯೊಳಗೆ ಎಲ್ಲಾ ಇದ್ದ ಹಾಗೇ ಇದೆ."

ದೊಡ್ಡವನು ಇಸ್ತ್ರಿ ಅಂಗಿಯ ತೋಳು ಮಡಚಿ ಬಂಡಿಯ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ತೊಳೆಯುವ ಅಭ್ಯಾಸವಿಲ್ಲದ ಕೈ, ಒರೆಸಿದ ಕಡೆಯೇ ಒರೆಸುತ್ತಿದ್ದ. ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ. "ಅಮ್ಮ, ನಾನು ಎಂಥ ಕೆಲಸ ಮಾಡ್ತಿದ್ದೆ," ಎಂದ. ಬ್ರೇಕಮ್ಮ ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟು, ಜೋಗುಳದಷ್ಟು ಮೆತ್ತಗೆ "ಬೇವರ್ಸಿ" ಎಂದಳು. ಬಳಿಕ ಬಕೆಟ್ಟಿನಿಂದ ಮತ್ತೊಂದು ಸ್ಪಂಜು ತೆಗೆದು, ಆ ಮಾತಿನ ತಪ್ಪಿಗೆ ಇನ್ನೊಂದು ಬದಿಯ ಗಾಜು ಒರೆಸಲು ಹೋದಳು.

ಶಾಲೆ ಮತ್ತೆ ತೆರೆಯಿತು. ಮೊದಲ ವಿದ್ಯಾರ್ಥಿ ಬೇರೆ ಯಾರೂ ಅಲ್ಲ, ಆ ವೈದ್ಯೆಯೇ. ಇಷ್ಟು ವಯಸ್ಸಾದರೂ ಅವಳಿಗೆ ಬಂಡಿ ಓಡಿಸಲು ಬರುತ್ತಿರಲಿಲ್ಲವಂತೆ. ಅವಳು ಬರುವ ಹಿಂದಿನ ದಿನ ಸೊಸೆ ಬಣ್ಣದ ಡಬ್ಬಿ ತಂದು, "ಅತ್ತೆ, ನಿಯಮದ ಕೆಳಗೆ 'ಒಡತಿಯನ್ನು ಬಿಟ್ಟು' ಅಂತ ಒಂದು ಸಾಲು ಸೇರಿಸ್ಲಾ?" ಎಂದು ಕೇಳಿದ್ದಳು. ಅತ್ತೆ ಕುಂಚ ಕಿತ್ತುಕೊಂಡು ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ್ದಳು. ಬೇಲಿಯಾಚೆ ನಗುತ್ತಿದ್ದ ಮಕ್ಕಳೂ ಈಗ ಒಳಗೆ ಬರತೊಡಗಿದ್ದರು. ಬಕೆಟ್ಟು ತುಂಬಿಸಿಕೊಡುವುದು ಅವರ ಕೆಲಸ.

ಪಾಠದ ದಿನ ವೈದ್ಯೆ ಸ್ಟಿಯರಿಂಗ್ ಹಿಡಿದು ಕೂತಳು. ಬ್ರೇಕಮ್ಮ ಎಂದಿನಂತೆ ಪಕ್ಕದ ಬಾಗಿಲು ತೆರೆದಳು. ಆದರೆ ಒಳಗೆ ಕೂರಲಿಲ್ಲ. ಸೊಸೆಯ ಮಣಿಕಟ್ಟು ಹಿಡಿದು ಎಳೆದು ತಂದು ಆ ಸೀಟಿನಲ್ಲಿ ಕೂರಿಸಿದಳು. ಬಗ್ಗಿ ಅವಳ ಪಾದ ಹಿಡಿದು ಎರಡನೇ ಬ್ರೇಕಿನ ಮೇಲಿಟ್ಟಳು. ಆಮೇಲೆ ತಾನು ಹಿಂದಿನ ಸೀಟಿಗೆ ಹೋಗಿ, ಒಂದು ಒದ್ದೆ ಸ್ಪಂಜನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಾರ್ನಿನ ಬಾಯಿ ಕಟ್ಟಿದ್ದು ಅದೇ ಮೊದಲು.

ಬಂಡಿ ಕುಲುಕುತ್ತ, ಕೆಮ್ಮುತ್ತ, ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಬಂತು. ಬ್ರೇಕಮ್ಮ ಬಿದ್ದಿದ್ದ ಅದೇ ಜಾಗ. ಅಷ್ಟರಲ್ಲಿ ಬಲಗಡೆಯಿಂದ ಒಂದು ಲಾರಿ ಗೂಳಿಯ ಹಾಗೆ ನುಗ್ಗಿಬಂತು. ವೈದ್ಯೆ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಖಕ್ಕೆ ಇಟ್ಟುಕೊಂಡಳು.

ಬಂಡಿ ನಿಂತಿತು. ಲಾರಿ ಮುಂದೆ ಹಾದುಹೋಯಿತು.

ಸೊಸೆಯ ಪಾದ ಬ್ರೇಕಿನ ಮೇಲಿತ್ತು, ಗಟ್ಟಿಯಾಗಿ. ಬಾಯಿ ಮುಚ್ಚಿಯೇ ಇತ್ತು. ಬೈಗುಳಗಳು ಇರಲಿಲ್ಲವೆಂದಲ್ಲ, ಗಂಟಲ ತನಕ ಸಾಲುಗಟ್ಟಿ ಬಂದು ನಿಂತಿದ್ದವು. ಕಾಲು ಅವಕ್ಕಿಂತ ಮೊದಲು ಹೊರಟಿತ್ತು, ಅಷ್ಟೆ.

ಆದರೆ ಬಂಡಿಯೊಳಗೆ ಮೌನವೇನೂ ಇರಲಿಲ್ಲ. "ಥೂ ನಿನ್ನ, ಹಲ್ಕಾ ನನ್ಮಗನೆ! ನಿಮ್ಮಪ್ಪನ ರಸ್ತೆಯೇನೋ ಇದು!" ಎಂದು ಕಿಟಕಿಯ ಹೊರಗೆ ಕೂಗುತ್ತಿದ್ದವಳು ವೈದ್ಯೆ. ಕೂಗಿ ಮುಗಿಸಿ, ತಾನೇ ಬೆಚ್ಚಿ, ನಾಲಿಗೆ ಕಚ್ಚಿಕೊಂಡಳು. ಹಿಂದಿನಿಂದ ಒಂದು ಎಡಗೈ ಬಂದು ಅವಳ ತೊಡೆಯ ಮೇಲೆ ಸ್ಪಂಜು ಇಟ್ಟಿತು.

ಅದೇ ಕೈ ಆಮೇಲೆ ಸೊಸೆಯ ಹೆಗಲ ಮೇಲೆ ಬಂದು ಕೂತಿತು. ಅಲ್ಲೇ ಇತ್ತು, ತೆಗೆಯಲಿಲ್ಲ.

"ಬೇವರ್ಸಿ," ಎಂದಳು ಅತ್ತೆ.

ಆ ಪದದ ಎಲ್ಲ ದನಿಗಳನ್ನೂ ಬಲ್ಲೆ ಎಂದುಕೊಂಡಿದ್ದಳು ಸೊಸೆ. ಈ ದನಿ ಹೊಸದು. ಪದ ಪೂರ್ತಿ ಅರಳಿಕೊಂಡು, ನಿಧಾನವಾಗಿ, ಪ್ರತಿ ಅಕ್ಷರವನ್ನೂ ಕೈಯಲ್ಲಿ ಹಿಡಿದು ಕೊಟ್ಟಂತೆ. ಇದನ್ನು ಬಿಡಿಸಿ ಹೇಳುವವರು ಬೇಕಾಗಿರಲಿಲ್ಲ. ಮದುವೆಯಾದ ದಿನದಿಂದ ಅವಳು ಈ ಮಾತಿಗಾಗಿಯೇ ಕಾದಿದ್ದಳು.

"ನೀವೂ ಏನು ಕಮ್ಮಿ ಬೇವರ್ಸಿನಾ ಅತ್ತೆ," ಎಂದಳು ಸೊಸೆ, ಅಳುತ್ತ, ನಗುತ್ತ. ಹಿಂದಿನ ಸೀಟಿನಲ್ಲಿ ಬ್ರೇಕಮ್ಮ ಗಹಗಹಿಸಿ ನಕ್ಕಳು. ನಗುವಿಗೆ ಲಕ್ವ ಹೊಡೆದಿರಲಿಲ್ಲ. ರಸ್ತೆ ಬದಿಯಲ್ಲಿ ನಿಂತವರೆಲ್ಲ ಇವರತ್ತ ತಿರುಗಿ ನೋಡಿದರು.

ಬಂಡಿ ಅಂಗಳಕ್ಕೆ ಬಂದಾಗ ಮಕ್ಕಳು ಬಕೆಟ್ಟು ತುಂಬಿಸಿ ಕಾಯುತ್ತಿದ್ದರು. ಮೂವರು ಹೆಂಗಸರು ಇಳಿದು ಬಕೆಟ್ಟಿಗೆ ಕೈ ಹಾಕಿದರು. ಮೂವರ ಕೈಯಲ್ಲೂ ಒಂದೊಂದು ಸ್ಪಂಜು ಇತ್ತು.